ಕೂ ಎಂದರೆ ಓಗೊಡಬೇಕು

ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ನಮ್ಮ ಶಾಲೆಯ ಮಕ್ಕಳಿಗೆಲ್ಲ ಗೊತ್ತು. ಕಳಸದ ಹತ್ತಿರದ ಸಣ್ಣ ಸರ್ಕಾರಿ ಶಾಲೆ, ನಾನು ಹೆಡ್‌ಮಾಸ್ಟರ್. ಬರುವವರಲ್ಲಿ ಹೆಚ್ಚಿನವರು ಕಾಫಿ ಎಸ್ಟೇಟಿನ ಕೆಲಸಗಾರರ ಲೈನ್ ಮನೆಗಳ ಮಕ್ಕಳು. ಹೋದ ವರ್ಷ ಅವರನ್ನು ನಾಟಕಕ್ಕೆಂದು ಚಿಕ್ಕಮಗಳೂರಿಗೆ ಕರೆದುಕೊಂಡು ಹೋಗಿ ಮಾನ ಕಳೆದುಕೊಂಡು ಬಂದಿದ್ದೆ. ಶಿಳ್ಳೆ, ಚಿಪ್ಸ್ ಪೊಟ್ಟಣಗಳ ಪರಪರ, ಸಾಲದ್ದಕ್ಕೆ ವೇದಿಕೆಯ ಮೇಲಿದ್ದವನಿಗೆ "ಹಿಂದೆ ನೋಡೋ, ಹುಲಿ!" ಎಂಬ ಬೊಬ್ಬೆ. ಅರ್ಧಕ್ಕೇ ನಮ್ಮನ್ನು ಹೊರಗೆ ಕಳಿಸಿದ್ದರು. ಈ ವರ್ಷ ನಾಟಕ ಏರ್ಪಡಿಸುವವರಿಂದ ಮತ್ತೆ ಕರೆ ಬಂತು. ಇನ್ನೊಮ್ಮೆ ಗಲಾಟೆಯಾದರೆ ನಿಮ್ಮ ಶಾಲೆಯನ್ನು ಕರೆಯುವುದೇ ಇಲ್ಲ ಎಂದು ಫೋನಿನಲ್ಲೇ ಹೇಳಿಬಿಟ್ಟರು.

ನಾನು ಕೂಡಲೇ ಏನೇನು ಮಾಡಬಾರದು ಎಂದು ದೊಡ್ಡ ಪಟ್ಟಿ ಬರೆದು ಗೋಡೆಗೆ ಅಂಟಿಸಿದೆ. ನನ್ನನ್ನು ಬಿಟ್ಟರೆ ಶಾಲೆಗಿದ್ದ ಒಬ್ಬರೇ ಟೀಚರ್ ಅದನ್ನು ಓದಿ ನಕ್ಕರು.

"ಸಾರ್, ಸುಮ್ನಿರಿ ಅಂದ್ರೆ ಸಾಕಾ? ಯಾಕೆ ಸುಮ್ನಿರ್ಬೇಕು ಅಂತ ಗೊತ್ತಾಗೋದು ಬೇಡ್ವಾ? ಒಂದು ವಾರ ಮಕ್ಳನ್ನ ನಂಗೆ ಬಿಡಿ, ಅಭ್ಯಾಸ ಮಾಡಿಸ್ತೀನಿ. ನೀವೂ ಬಂದು ಕೂತ್ಕೊಳ್ಳಿ."

"ನಂಗೆ ಬೇರೆ ಕೆಲ್ಸ ಇದೆ, ನೀವೇ ನೋಡ್ಕೊಳ್ಳಿ" ಎಂದೆ. ನಾಟಕ ನೋಡುವುದನ್ನು ನನಗೆ ಕಲಿಸುತ್ತಾರಂತೆ!

ಆದರೂ ಕುತೂಹಲಕ್ಕೆ ಕಿಟಕಿಯಲ್ಲಿ ಇಣುಕಿದೆ. ಒಂದು ಮಗುವನ್ನು ಬೆಂಚಿನ ಮೇಲೆ ನಿಲ್ಲಿಸಿ ಕತೆ ಹೇಳಿಸುತ್ತಿದ್ದರು, ಉಳಿದವರಿಗೆ ಬೇಕೆಂದೇ ಗಲಾಟೆ ಮಾಡಲು ಹೇಳಿದ್ದರು. ಆಮೇಲೆ ಅದೇ ಮಗು, ಅದೇ ಕತೆ, ಎಲ್ಲರೂ ಸುಮ್ಮನೆ ಕೂತು ಕೇಳುವುದು. ನಲವತ್ತು ಮಕ್ಕಳಿಗೂ ಸರದಿ ಬಂತು. ಹಾಜರಿ ಕರೆದಾಗಲೂ ಸರಿಯಾಗಿ ಬಾಯಿ ಬಿಡದ ಎರಡನೇ ಕ್ಲಾಸಿನ ಹುಡುಗಿಯೊಬ್ಬಳು ಆ ಗದ್ದಲಕ್ಕೆ ಬೆಂಚಿನ ಮೇಲೆಯೇ ಅತ್ತುಬಿಟ್ಟಳು. ಮಾರನೆಯ ದಿನ ಅವಳೇ ತುಟಿಗೆ ಬೆರಳಿಟ್ಟು ಏಳನೇ ಕ್ಲಾಸಿನವರನ್ನೂ ಸುಮ್ಮನಾಗಿಸುತ್ತಿದ್ದಳು.

"ನಗು ಬಂದ್ರೆ ನಗಿ, ಅಳು ಬಂದ್ರೆ ಅಳಿ. ಮಾತು ಮಾತ್ರ ವೇದಿಕೆ ಮೇಲಿರೋರದ್ದು" ಎಂದರು ಟೀಚರ್. ನನ್ನ ಪಟ್ಟಿಯಲ್ಲಿ ಹದಿನೆಂಟು ಸಾಲುಗಳಿದ್ದವು. ಮನಸ್ಸಿನಲ್ಲೇ ಅವರಿಗೆ ಕೈಮುಗಿದೆ, ಬಾಯಿಬಿಟ್ಟು ಹೇಳಲು ಬಿಗುಮಾನ.

ನಾಟಕದ ದಿನ ಮಕ್ಕಳು ನಗುವಲ್ಲಿ ನಕ್ಕರು, ಉಳಿದಂತೆ ಉಸಿರು ಬಿಗಿಹಿಡಿದು ಕೂತರು. ನನಗೆ ಎದೆಯುಬ್ಬಿತು. ಅಷ್ಟರಲ್ಲಿ ನಾಟಕದ ತಾಯಿ, ಕಾಡಿನಲ್ಲಿ ತಪ್ಪಿಸಿಕೊಂಡ ಮಗುವಿಗಾಗಿ ಬಾಯಿಗೆ ಕೈ ಅಡ್ಡ ಹಿಡಿದು "ಕೂ..." ಎಂದಳು.

ಕೆಟ್ಟೆವಲ್ಲ ಎಂದುಕೊಂಡೆ. ಕಾಫಿ ಗಿಡಗಳ ನಡುವೆ ಹತ್ತು ಮಾರು ಆಚೆಗಿನ ಮನುಷ್ಯ ಕಾಣುವುದಿಲ್ಲ, ಅದಕ್ಕೇ ನಮ್ಮ ಕಡೆ ಕೂ ಹಾಕುತ್ತೇವೆ. ಕೇಳಿಸಿಕೊಂಡವರು ಓಗೊಡಲೇಬೇಕು. ಓಗೊಡದಿದ್ದರೆ ಬಿದ್ದರೋ, ಆನೆ ಎದುರಾಯಿತೋ ಎಂದು ಕೆಲಸ ಬಿಟ್ಟು ಹುಡುಕಲು ಹೊರಡುತ್ತಾರೆ. ಮಾತು ಬರುವ ಮೊದಲೇ ನಮ್ಮ ಮಕ್ಕಳು ಕಲಿಯುವ ಮರ್ಯಾದೆ ಇದು.

ನಲವತ್ತು ಕತ್ತುಗಳು ಉದ್ದವಾದವು. ಒಂದು ಬಾಯಿಯೂ ತೆರೆಯಲಿಲ್ಲ. ಎರಡನೆಯ ಸಲ ಕೂ ಎಂದಾಗ ಒಬ್ಬ ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡ. ಮೂರನೆಯ ಸಲ ಆ ತಾಯಿಯ ದನಿ ಒಡೆಯಿತು. ನಾನೂ ಲೈನ್ ಮನೆಯಲ್ಲೇ ಬೆಳೆದವನು. ತೋಟದಿಂದ ಬರುತ್ತ ನಮ್ಮವ್ವ ನನ್ನನ್ನು ಕರೆಯುತ್ತಿದ್ದುದು ಹೀಗೆಯೇ.

"ಕೂ..." ಎಂದು ಸಭೆಯ ನಡುವಿನಿಂದ ಒಂದು ದಪ್ಪ ದನಿ ಓಗೊಟ್ಟಿತು. ಅದು ನನ್ನದು.

ಸಭೆಗೆ ಸಭೆಯೇ ತಿರುಗಿ ನೋಡಿತು. ಮುಂದಿನ ಸಾಲಿನಿಂದ ಆ ಎರಡನೇ ಕ್ಲಾಸಿನ ಹುಡುಗಿ ತುಟಿಗೆ ಬೆರಳಿಟ್ಟು ನನ್ನತ್ತ ಕಣ್ಣರಳಿಸಿದಳು. ನಟಿ ನನ್ನ ದಿಕ್ಕಿಗೆ ಕಿವಿಗೊಟ್ಟು ಒಂದು ಕ್ಷಣ ನಿಂತು, ಮುಂದೆ ನಡೆದಳು. ನಾನು ತಲೆ ಎತ್ತಲಿಲ್ಲ.

ಮುಗಿದ ಮೇಲೆ ಏರ್ಪಾಡು ಮಾಡಿದವರು ಬಂದರು. ಕ್ಷಮೆ ಕೇಳಲು ಎದ್ದು ನಿಂತೆ.

"ಮಕ್ಳು ಮುಂದಿನ ವರ್ಷಾನೂ ಬರ್ಲಿ" ಎಂದರು ಅವರು. "ನಿಮ್ ಬಗ್ಗೆ ಯೋಚ್ನೆ ಮಾಡ್ಬೇಕು ಮಾರಾಯ್ರೆ."

ಟೀಚರ್ ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕರು. ವಾಪಸ್ಸು ಬರುವಾಗ ಬಸ್ಸಿನಲ್ಲಿ ನಾನೊಬ್ಬನೇ ಮುಖ ಗಂಟಿಕ್ಕಿಕೊಂಡು ಕೂತಿದ್ದೆ. ಆ ಹುಡುಗಿ ತಾನಾಗಿಯೇ ಬಂದು ಪಕ್ಕದಲ್ಲಿ ಕೂತಳು.

"ಬೇಜಾರು ಮಾಡ್ಕೋಬೇಡಿ ಸಾರ್" ಎಂದಳು. "ನಮ್ಗೂ ಬಾಯಿಗೆ ಬಂದಿತ್ತು, ನುಂಗ್ಕೊಂಡ್ವಿ. ನೀವು ಅಭ್ಯಾಸಕ್ಕೆ ಬಂದಿರ್ಲಿಲ್ಲ ಅಲ್ವಾ, ಅದಕ್ಕೇ."