ಪಾತಿಯ ಗಿಡ, ಮಂದೆಯ ಗಿಡ

1983ರಲ್ಲಿ ನಾನು ತಿಪಟೂರಿನಲ್ಲಿ ಕಳೆಗಿಡಗಳ ಸಂಶೋಧನಾ ಸಹಾಯಕಿಯಾಗಿದ್ದೆ. ಕೆಲಸ ಹೊಸದು, ಎಲ್ಲ ಗೊತ್ತು ಎಂಬ ಹುಮ್ಮಸ್ಸು ಬೇರೆ. ಕಾಂಗ್ರೆಸ್ ಗಿಡ, ಅಂದರೆ ಪಾರ್ಥೇನಿಯಂ, ರಸ್ತೆ ಬದಿಯಿಂದ ತೆಂಗಿನ ತೋಟಗಳಿಗೆ ನುಗ್ಗುತ್ತಿದ್ದ ಕಾಲ ಅದು.

ಆ ಮುಂಗಾರಿನಲ್ಲಿ ದಂಡಿನಶಿವರದ ರೈತ ರಂಗಣ್ಣನವರು ಕಚೇರಿಗೆ ಬಂದರು. ಅವರ ತೋಟದ ತುಂಬ ಆ ಗಿಡ. ಅಪರಾಧಿ ಯಾರೆಂದೂ ಅವರೇ ತೀರ್ಮಾನಿಸಿದ್ದರು: ಬೇಸಿಗೆಯಲ್ಲಿ ಗೊಬ್ಬರಕ್ಕೆಂದು ತೋಟದಲ್ಲಿ ಮಂದೆ ನಿಲ್ಲಿಸಿದ್ದ, ಹುಳಿಯಾರು ಕಡೆಯ ಕುರಿಗಾರ ಸಣ್ಣೀರಪ್ಪ. ಕುರಿಯ ಗೊರಸಿಗೆ ಮೆತ್ತಿಕೊಂಡು ಬೀಜ ಬಂದಿದೆ ಎಂದು ಊರೇ ನಂಬಿತ್ತು.

“ನೀವೊಂದು ಕಾಗದ ಬರ್ಕೊಡಿ ಮೇಡಂ. ಇನ್ಮೇಲೆ ಅವನ ಮಂದೆ ನಮ್ಮೂರಿಗೆ ಕಾಲಿಡಬಾರ್ದು,” ಎಂದರು.

ಮಂದೆ ನಿಲ್ಲಿಸಿದ್ದಕ್ಕೆ ತೋಟದವರು ಕೊಡುವ ರಾಗಿಯೇ ಸಣ್ಣೀರಪ್ಪನವರ ಮನೆಯ ವರ್ಷದ ಊಟ. ಅದು ಗೊತ್ತಿದ್ದೂ ನಾನು ಅರ್ಧ ಕಾಗದ ಬರೆದುಬಿಟ್ಟಿದ್ದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ತೋಟ ನೋಡಲು ಹೋದ ದಿನ, ಸುದ್ದಿ ಕೇಳಿ ಸಣ್ಣೀರಪ್ಪನವರೂ ಬಂದಿದ್ದರು. ಅರವತ್ತು ದಾಟಿದ ಮನುಷ್ಯ, ಹೆಗಲ ಮೇಲೆ ಕಂಬಳಿ. ಜಗಳ ತೆಗೆಯಲಿಲ್ಲ. ತೋಟವನ್ನೊಂದು ಸುತ್ತು ಹಾಕಿ ನನ್ನನ್ನು ಕರೆದರು.

“ನೋಡು ತಾಯಿ, ಕುರಿ ಮಲಗಿದ್ದು ಮರದ ಸಾಲಿನ ನಡುವೆ. ಗಿಡ ಕಿಕ್ಕಿರಿದಿರೋದು ಮರದ ಬುಡದ ಪಾತೀಲಿ. ಪಾತಿ ಒಳಕ್ಕೆ ನಾನು ಒಂದು ಮರೀನೂ ಬುಟ್ಟಿಲ್ಲ. ನಮ್ಮ ಕಡೆ ಗಿಡದ ಕಾಂಡ ನೇರಳೆ. ಇಲ್ಲಿ ನೋಡು, ಥರಾವರಿ ಅವೆ.”

ಓದಿದವಳು ನಾನು, ಕಂಡವರು ಅವರು. ಕಳೆಯೊಂದು ಹೊಸ ಜಾಗಕ್ಕೆ ಕೆಲವೇ ಬೀಜಗಳಿಂದ ಬಂದರೆ ಅದರ ಸಂತತಿ ಬಹುಪಾಲು ಒಂದೇ ತರಹ ಇರುತ್ತದೆ. ಹಲವು ಕಡೆಯಿಂದ ಹಲವು ಸಲ ಬಂದರೆ ಬಗೆಗಳು ಹೆಚ್ಚು. ಇದನ್ನೇ ಜೆನೆಟಿಕ್ ವೈವಿಧ್ಯ ಎನ್ನುತ್ತೇವೆ. ಆದರೆ ಕಣ್ಣಿಗೆ ಕಾಣುವ ವ್ಯತ್ಯಾಸ ಮಣ್ಣು, ನೀರಿನಿಂದಲೂ ಬರಬಹುದು. ಆದ್ದರಿಂದ ಹುಳಿಯಾರಿನ ಬಯಲು, ತಿಪಟೂರಿನ ಕೊಬ್ಬರಿ ಮಾರುಕಟ್ಟೆ, ರಂಗಣ್ಣನವರ ಪಾತಿ, ಈ ಮೂರು ಕಡೆಯ ಬೀಜಗಳನ್ನು ಒಂದೇ ಮಣ್ಣು ತುಂಬಿದ ಕುಂಡಗಳಲ್ಲಿ ಬಿತ್ತಿದೆ. ಅರ್ಧ ಕಾಗದ ಡ್ರಾಯರಿನಲ್ಲೇ ಉಳಿಯಿತು.

ಹುಳಿಯಾರಿನ ಗಿಡಗಳೆಲ್ಲ ಕುಂಡದಲ್ಲೂ ನೇರಳೆ ಕಾಂಡದವೇ ಆದವು. ಮಾರುಕಟ್ಟೆಯದು ಕಲಬೆರಕೆ, ಎಲ್ಲೆಲ್ಲಿಯದೋ ಲಾರಿ ಬಂದು ನಿಲ್ಲುವ ಜಾಗವಲ್ಲವೇ. ಪಾತಿಯಲ್ಲಿದ್ದುದೂ ಅದೇ ಕಲಬೆರಕೆ. ಮಾರುಕಟ್ಟೆಯಿಂದ ತೋಟಕ್ಕೆ ಏನು ತರುತ್ತೀರಿ ಎಂದು ರಂಗಣ್ಣನವರನ್ನು ಕೇಳಿದೆ.

“ಕೊಬ್ಬರಿ ಹಾಕಿ ಬರೋವಾಗ ಗಾಡಿ ಬರಿದೇ ಯಾಕೆ ತರೋದು ಅಂತ ಅಲ್ಲಿನ ಸಗಣಿ, ಕಸ ತುಂಬ್ಕೊಂಡು ಬತ್ತೀವಿ. ಪಾತಿಗೆ ಒಳ್ಳೆ ಗೊಬ್ಬರ ಕಣ್ರೀ…” ಎನ್ನುತ್ತಿದ್ದ ಹಾಗೇ, ಬೀಜ ತಂದದ್ದು ತಮ್ಮ ಗಾಡಿಯೇ ಎಂದು ಅವರಿಗೆ ಹೊಳೆಯಿತು.

ಕಾರಣ ಮಾರುಕಟ್ಟೆಯ ಕಸ, ಕುರಿಮಂದೆಯಲ್ಲ ಎಂದು ನಾನು ವರದಿ ಬರೆದೆ. ಆ ವಾರವೇ ರಂಗಣ್ಣನವರು ಸಣ್ಣೀರಪ್ಪನವರನ್ನು ತೋಟಕ್ಕೆ ಕರೆಸಿ, ನನ್ನೆದುರಿಗೇ ಹೇಳಿದರು: “ತಪ್ಪು ನಂದೇ ಕಣಪ್ಪ. ಬೇಸಿಗೆಗೆ ಮಂದೆ ಹೊಡ್ಕೊಂಡು ಬಾ.”

ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಸಣ್ಣೀರಪ್ಪನವರು ಕಂಬಳಿ ಕೆಳಗಿಟ್ಟರು. ಸಾಲಿನ ನಡುವೆ ಅಲ್ಲೊಂದು ಇಲ್ಲೊಂದಿದ್ದ ನೇರಳೆ ಕಾಂಡದ ಗಿಡಗಳನ್ನು ಬೇರುಸಮೇತ ಕೀಳತೊಡಗಿದರು.

“ಇವು ನಮ್ಮ ಕುರಿ ತಂದವೇ ಯಜಮಾನ್ರೆ. ಸುಳ್ಳು ಯಾಕೆ?”

ಯಾರೂ ಅವರನ್ನು ಕೇಳಿರಲಿಲ್ಲ. ಅವರ ಪರ ಬರೆಯುವ ಉತ್ಸಾಹದಲ್ಲಿ ನಾನು ಆ ಕೆಲವು ಗಿಡಗಳನ್ನು ವರದಿಯಿಂದ ಬಿಟ್ಟಿದ್ದೆ. ಮೊದಲು ಅವರಿಗೆ ವಿರುದ್ಧವಾಗಿ ಅವಸರಪಟ್ಟಿದ್ದೆ, ಆಮೇಲೆ ಅವರ ಪರವಾಗಿ. ಎರಡು ಸಲವೂ ತಿದ್ದಿದವರು ಅವರೇ. ನಮ್ಮ ಕಡೆಗೆ ವಾಲುವ ಸಾಕ್ಷ್ಯವನ್ನೇ ಹೆಚ್ಚು ಬಿಗಿಯಾಗಿ ನೋಡಬೇಕೆಂದು ನಾನು ಕಲಿತದ್ದು ಆ ತೋಟದಲ್ಲಿ. ರಂಗಣ್ಣನವರು ಪಂಚೆ ಎತ್ತಿ ಕಟ್ಟಿ, ತಮ್ಮ ಪಾಲಿನ ಗಿಡ ಕೀಳಲು ಪಾತಿಗೆ ಇಳಿದರು. ನಾನು ಕಚೇರಿಗೆ ಮರಳಿ, ಬಿಟ್ಟಿದ್ದ ಸಾಲನ್ನು ವರದಿಗೆ ಸೇರಿಸಿದೆ.