ಮಗ್ಗ ನಿಲ್ಲಿಸುವ ಹಿಡಿ

ಏಳನೇ ತರಗತಿಗೇ ಶಾಲೆ ಬಿಟ್ಟು ದೊಡ್ಡಬಳ್ಳಾಪುರದ ಒಂದು ಮಗ್ಗದ ಶೆಡ್ಡಿಗೆ ಸೇರಿದವನು ನಾನು. ಇವತ್ತು ಮನೆಯ ಹಿಂದೆ ನನ್ನದೇ ಎರಡು ಕರೆಂಟ್ ಮಗ್ಗಗಳಿವೆ. ಯಾರ ಮುಂದೆಯೂ ಕೈಚಾಚದೆ ಮಾಡಿಕೊಂಡದ್ದು.

ಸೀರೆ ನೇಯುವಾಗ ಎಳೆ ಕಡಿದರೆ ಹಿಡಿ ಎಳೆದು ಮಗ್ಗ ನಿಲ್ಲಿಸಿ ಗಂಟು ಹಾಕಬೇಕು. ಗಟ್ಟಿಗ ಅನ್ನಿಸಿಕೊಂಡವನು ಮಾತ್ರ ನಿಲ್ಲಿಸುವುದಿಲ್ಲ. ನೂಲನ್ನು ಒತ್ತುವ ಹಲಗೆ ಬಡಿಯುತ್ತಿರುವಾಗಲೇ ಅದರ ಸಂದಿನಲ್ಲಿ ಬೆರಳಾಡಿಸಿ ಎಳೆ ಕೂಡಿಸುತ್ತಾನೆ. ಹದಿನೈದಕ್ಕೇ ಅದನ್ನು ಕಲಿತಿದ್ದೆ ಅಂತ ಮಗನಿಗೆ ಎಷ್ಟು ಸಲ ಹೇಳಿದ್ದೇನೋ!

ಅವನು ಪಿಯುಸಿ ಓದುತ್ತಿದ್ದ. ಕಾಲೇಜಿನಿಂದ ಬಂದು ಒಂದು ಮಗ್ಗ ನೋಡಿಕೊಳ್ಳುತ್ತಿದ್ದ. ನಡುಮನೆಯಲ್ಲಿ ಕೂತರೂ ನನಗೆ ಸದ್ದಿನಲ್ಲೇ ಎಲ್ಲ ತಿಳಿಯುತ್ತದೆ. ಅವನು ಒಬ್ಬನೇ ಇದ್ದಾಗ ಮಗ್ಗ ಆಗಾಗ ನಿಲ್ಲುತ್ತಿತ್ತು. ಸ್ನೇಹಿತರು ಬಂದ ದಿನ ಒಮ್ಮೆಯೂ ನಿಲ್ಲುತ್ತಿರಲಿಲ್ಲ. ಕೈ ಪಳಗಿತು ಅಂದುಕೊಂಡು ಹಿಗ್ಗಿದೆ. ಅದೇ ಕೈ, ಅದೇ ಮಗ್ಗ. ನೋಡುವವರಿದ್ದರೆ ಮಾತ್ರ ಧೈರ್ಯ ಯಾಕೆ ಬರುತ್ತದೆ ಅಂತ ಕೇಳಿಕೊಳ್ಳಲಿಲ್ಲ. ಆ ವಯಸ್ಸಿನಲ್ಲಿ ನನಗೂ ಹಾಗೇ ಬಂದಿತ್ತಲ್ಲ.

ಒಂದು ಸಂಜೆ ಅವನಿಗೆ ಜ್ವರ. ಸ್ನೇಹಿತರಿಬ್ಬರು ಬಂದಿದ್ದರು. ಎಳೆ ಕಡಿಯಿತು. ಅವನ ಕೈ ಹಿಡಿಯ ಮೇಲೆ ಹೋಯಿತು. ಬಾಗಿಲಲ್ಲಿ ನಿಂತಿದ್ದ ನಾನು ಸುಮ್ಮನಿರಬಾರದಿತ್ತೇ?

"ಏನ್ಲಾ, ನಿಲ್ಲಿಸ್ತೀಯಾ? ನಿನ್ನ ವಯಸ್ಸಲ್ಲಿ ನಾನು ಕಣ್ಣು ಮುಚ್ಕೊಂಡು ಕಟ್ತಿದ್ದೆ ಕಣೋ!"

"ನೋಡ್ ಗುರು, ನಿಮ್ಮಪ್ಪನ್ನ ನೋಡಿ ಕಲಿ!" ಅಂತ ಒಬ್ಬ ನಕ್ಕ.

ಮಗ ಹಿಡಿಯಿಂದ ಕೈ ತೆಗೆದ.

ಬಲಗೈಯ ಎರಡು ಬೆರಳು ಉಳಿಯಲಿಲ್ಲ. ಆಸ್ಪತ್ರೆಯಲ್ಲಿ ಅವನಮ್ಮ, "ಹೆಂಗಾಯ್ತೋ ಕಂದ?" ಅಂತ ಅತ್ತಳು.

"ಕೈ ಜಾರ್ತಮ್ಮ" ಅಂದ. ನನ್ನ ಕಡೆ ನೋಡಲಿಲ್ಲ. ನಾನೂ ಬಾಯಿ ಬಿಡಲಿಲ್ಲ.

ಎಷ್ಟೋ ತಿಂಗಳ ಮೇಲೆ ಆ ಹುಡುಗರು ಮತ್ತೆ ಬಂದರು. ನಾನು ಮಗ್ಗದ ಮುಂದಿದ್ದೆ, ಮಗ ಪಕ್ಕದಲ್ಲಿ ನಿಂತಿದ್ದ. ಎಳೆ ಕಡಿಯಿತು. ಹಿಡಿ ಎಳೆದುಬಿಟ್ಟೆ.

"ಯಾಕೆ ಅಂಕಲ್, ನಿಲ್ಸಿಬಿಟ್ರಿ?"

"ಭಯ ಕಣಪ್ಪಾ. ಅವತ್ತು ಇವನೂ ನಿಲ್ಲಿಸೋಕೇ ಹೋಗಿದ್ದ. ನಾನೇ ಬಿಡಲಿಲ್ಲ."

ಹುಡುಗರು ತಲೆ ತಗ್ಗಿಸಿದರು. "ಬಿಡಪ್ಪಾ, ಇವರ ಮುಂದೆ ಯಾಕೆ?" ಅಂದ ಮಗ, ಬಲಗೈಯನ್ನು ಜೇಬಿಗಿಳಿಸಿಕೊಂಡು.

ಮಗ್ಗ ನಿಂತಿದ್ದರಿಂದ ನನ್ನ ಮಾತು ಅಡುಗೆಮನೆಗೂ ಕೇಳಿಸಿತ್ತು. ಅಲ್ಲಿ ಪಾತ್ರೆಯ ಸದ್ದು ನಿಂತಿತು. ಅವನಮ್ಮ ಬಾಗಿಲಿಗೆ ಬಂದು, ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ, ನನ್ನನ್ನೇ ನೋಡುತ್ತಾ ನಿಂತಳು.