ಬಾಚಣಿಕೆಯಿಂದ ಬರೆದ ಹೆಜ್ಜೆಗಳು

ಹಳೇ ಹುಬ್ಬಳ್ಳಿಯ ನಾಲ್ಕು ಓಣಿಗಳಲ್ಲಿ ಹುಡುಗಿಗೆ ಗಂಡು ನೋಡುವುದು ಶುರುವಾಯಿತೆಂದರೆ ಮೊದಲು ಆಗುತ್ತಿದ್ದ ಕೆಲಸ ಗುರುಶಿದ್ದಪ್ಪನ ಸ್ಟುಡಿಯೋಕ್ಕೆ ಹೋಗಿ ಫೋಟೋ ತೆಗೆಸುವುದು. ಅವನು ಹುಡುಗಿಯರನ್ನು ಬೆಳ್ಳಗೆ ಮಾಡುತ್ತಾನೆಂದು ಯಾರೂ ಬರುತ್ತಿರಲಿಲ್ಲ. ಹೆದರಿ ಕಲ್ಲಾಗಿ ಕೂತವಳನ್ನು ಮಾತಾಡಿಸಿ ಮಾತಾಡಿಸಿ, ತನ್ನ ಮನೆಯ ಪಡಸಾಲೆಯಲ್ಲೇ ಕೂತಿದ್ದೇನೆ ಅಂತ ಅವಳಿಗೆ ಅನ್ನಿಸಿದ ಮೇಲಷ್ಟೇ ಗುಂಡಿ ಒತ್ತುತ್ತಿದ್ದ. ಒಂದು ಫೋಟೋಕ್ಕೆ ಅರ್ಧ ತಾಸು ಹಿಡಿದರೂ ಬೇಸರವಿರಲಿಲ್ಲ.

ಅವನ ಖರೇ ಹುಚ್ಚು ಇದಲ್ಲ. ರವಿವಾರ ಸ್ಟುಡಿಯೋದ ಕದ ಹಾಕಿ ಅವನು ದೃಶ್ಯ ಕಟ್ಟುತ್ತಿದ್ದ. ರದ್ದಿ ಅಂಗಡಿಯಲ್ಲಿ ಒಮ್ಮೆ ಅವನಿಗೆ ಪರದೇಶದ ಒಂದು ದೊಡ್ಡ ಪುಸ್ತಕ ಸಿಕ್ಕಿತ್ತು. ಅದರಲ್ಲಿದ್ದ ಫೋಟೋಗಳೆಲ್ಲ ನಾಟಕದ ಹಾಗೆ ವೇಷ ಹಾಕಿಸಿ, ಬೆಳಕು ಜೋಡಿಸಿ, ಒಂದೊಂದು ಸಾಮಾನನ್ನೂ ಎಣಿಸಿ ಇಟ್ಟು ತೆಗೆದವು. ಇಂಗ್ಲಿಷು ಅವನಿಗೆ ಅಷ್ಟಕ್ಕಷ್ಟೆ. ಚಿತ್ರಗಳನ್ನೇ ನೋಡಿ ನೋಡಿ ಕಲಿತ. ಹೆಂಡತಿ ಗೌರಕ್ಕನಿಗೆ ಇಳಕಲ್ ಸೀರೆ ಉಡಿಸಿ ಬೀಸುವ ಕಲ್ಲಿನ ಮುಂದೆ ಕೂಡಿಸುವನು. ಕಿಟಕಿಯ ಬಿಸಿಲು ಕೋಲಿನಂತೆ ಕಾಣಲಿ ಎಂದು ಗಾಳಿಗೆ ಹಿಟ್ಟು ತೂರುವನು. ಗೌರಕ್ಕ ಸೀನಿ ಸೀನಿ ಬಯ್ಯುವಳು. ಆ ಫೋಟೋಗಳು ಕಲಕತ್ತೆಯ, ಮುಂಬಯಿಯ ಸ್ಪರ್ಧೆಗಳಿಗೆ ಹೋಗಿ ಪದಕ ತಂದವು.

೧೯೯೫ರ ಕೊನೆಯಲ್ಲಿ ಧಾರವಾಡದಿಂದ ತಾರಾಬಾಯಿ ಎಂಬುವವರು ಅವನನ್ನು ಹುಡುಕಿಕೊಂಡು ಬಂದರು. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿ ನಿವೃತ್ತರಾದವರು, ಒಂಟಿ ಜೀವ. ಅಂಕೋಲೆಯ ಹತ್ತಿರದ ಒಂದು ಸಣ್ಣ ಊರಿನ ಸಮುದ್ರದಂಡೆಗೆ ಎಂಟು ವರ್ಷದಿಂದ ಹೋಗಿ ಬಂದು ಮಾಡಿ, ಮರಳಿನಲ್ಲಿ ಬದುಕುವ ಜೀವಗಳ ಮೇಲೆ ಕನ್ನಡದಲ್ಲೇ ಒಂದು ಪುಸ್ತಕ ಬರೆದಿದ್ದರು. ಅದಕ್ಕೆ ಚಿತ್ರಗಳು ಬೇಕಾಗಿದ್ದವು.

"ಮಂದಿ ದಂಡಿಗೆ ಬಂದು ಸಮುದ್ರ ನೋಡತಾರ, ಕಾಲಾಗಿಂದು ನೋಡೂದಿಲ್ಲ," ಎಂದರು. "ಮರಳು ಅಂದ್ರ ಬರೇ ಖಾಲಿ ಜಾಗ ಅಂತ ತಿಳಕೊಂಡಾರ. ನೀವು ಕೂಡಿಸಿ ಫೋಟೋ ತೆಗೀತೀರಂತ ಕೇಳೇನಿ. ಇಲ್ಲೆ ಏನೂ ಕೂಡಸಬ್ಯಾಡ್ರಿ ಮತ್ತ. ಏಡಿ ಹೊರಗ ಬರಲಿಲ್ಲಂದ್ರ ಅದರ ತೂತಿಂದ ತೆಗೀರಿ, ಸಾಕು."

"ಆತು ತಗೋರಿ, ಬಾಯಾರ," ಎಂದ ಗುರುಶಿದ್ದಪ್ಪ.

ಇಬ್ಬರೂ ಮೂರು ಸಲ ದಂಡೆಗೆ ಹೋದರು. ತಾರಾಬಾಯಿ ಕೊಡೆ ಹಿಡಿದು ಮರಳಿನ ಮೇಲೆ ಕುಕ್ಕರಗಾಲಲ್ಲಿ ಕೂತು, ಏಡಿಯ ತೂತು, ತೆರೆ ಹಿಂದೆ ಸರಿದೊಡನೆ ಮರಳೊಳಗೆ ಮುಳುಗುವ ಚಿಪ್ಪುಗಳು, ಹಾರುವ ಮರಳನ್ನು ಹಿಡಿದು ನಿಲ್ಲಿಸುವ ಅಡುಂಬು ಬಳ್ಳಿ ಒಂದೊಂದನ್ನೂ ತೋರಿಸಿದರು. ಅವನು ಇದ್ದದ್ದನ್ನು ಇದ್ದ ಹಾಗೆ ತೆಗೆದ. ಉಳಿದದ್ದು ಒಂದೇ ಚಿತ್ರ: ಕಡಲಾಮೆಯ ಮರಿಗಳು ಗೂಡಿನಿಂದ ಎದ್ದು ನೀರಿಗೆ ಹೋಗುವುದು. ತಾರಾಬಾಯಿಯೇ ಅದನ್ನು ನೋಡಿರಲಿಲ್ಲ. ಅವರು ದಂಡೆಗೆ ಬರುವಷ್ಟರಲ್ಲಿ ಪ್ರತಿ ಸಲವೂ ಮರಿಗಳು ಕತ್ತಲಲ್ಲೇ ಹೋಗಿಬಿಟ್ಟಿರುತ್ತಿದ್ದವು. ಮರಳಿನ ಮೇಲೆ ಹೆಜ್ಜೆಗುರುತು ಮಾತ್ರ ಉಳಿದಿರುತ್ತಿತ್ತು. ಆ ಗುರುತುಗಳನ್ನೇ ಎಂಟು ವರ್ಷ ಅಳೆದು ಬರೆದಿಟ್ಟಿದ್ದರು.

ಫೆಬ್ರುವರಿಯಲ್ಲಿ ಊರಿನ ಮೀನುಗಾರ ವೆಂಕಣ್ಣನಿಂದ ಸುದ್ದಿ ಬಂತು. ಅವನು ಬುಟ್ಟಿ ಮುಚ್ಚಿ ಕಾಯುತ್ತಿದ್ದ ಒಂದು ಗೂಡು ಇನ್ನೇನು ಒಡೆಯುವುದರಲ್ಲಿತ್ತು. ಆ ವಾರವೇ ತಾರಾಬಾಯಿಯ ಮೊಣಕಾಲು ಬಾತಿತ್ತು. "ನೀವೊಬ್ಬರೇ ಹೋಗಿ ಬರ್ರಿ, ನಿಮ್ಮ ಮ್ಯಾಲ ನನಗ ಭರೋಸ ಅದ," ಎಂದು ಅವನನ್ನು ಕಳಿಸಿದರು.

ಗುರುಶಿದ್ದಪ್ಪ ಮೂರು ಸಂಜೆ, ಮೂರು ನಸುಕು ಕಾದ. ಗೂಡು ಅಲುಗಲಿಲ್ಲ. ಮರುದಿನ ಬೈರಿದೇವರಕೊಪ್ಪದಲ್ಲಿ ಒಂದು ಮದುವೆಯ ಫೋಟೋಕ್ಕೆ ಮಾತು ಕೊಟ್ಟಿದ್ದ. ಆ ದಿನವೇ ಮಧ್ಯಾಹ್ನದ ಬಸ್ಸು ಹಿಡಿಯಲೇಬೇಕು.

"ಇನ್ನೂ ಎರಡು ದಿನ ಆಗ್ಬೇಕು," ಎಂದಿದ್ದ ವೆಂಕಣ್ಣ. "ಒಳಗೆ ಮರಿ ಆಗಿದೆ, ಶಕ್ತಿ ಬಂದಿಲ್ಲ. ಮೇಲಿನ ಮರಳು ತಾನಾಗೇ ಕುಸೀಬೇಕು. ಅಲ್ಲಿವರೆಗೆ ಕೈ ಹಾಕ್ಬಾರ್ದು, ಫೋಟೋದವ್ರೆ."

ವೆಂಕಣ್ಣ ದೋಣಿಗೆ ಹೋದ ಮೇಲೆ ಬಿಸಿಲು ಎದ್ದಿತು. ಓರೆಯಾಗಿ ಬಿದ್ದ ಹೊನ್ನಿನಂಥ ಬೆಳಕು. ಮರಳಿನ ಕಣಕಣಕ್ಕೂ ನೆರಳು. ಅಂಥ ಬೆಳಕು ವರ್ಷಕ್ಕೊಮ್ಮೆ ಸಿಗುವುದೂ ಕಷ್ಟ ಎಂದು ಗುರುಶಿದ್ದಪ್ಪನಿಗೆ ಗೊತ್ತಿತ್ತು. ಅವನು ಬುಟ್ಟಿ ಎತ್ತಿ ಬದಿಗಿಟ್ಟ. ಮೊಣಕೈ ಮುಳುಗುವ ತನಕ ತೋಡಿದ. ಬೆರಳಿಗೆ ಬೆಚ್ಚಗೆ, ಮೆತ್ತಗೆ ಏನೋ ಅಲುಗಾಡಿತು.

ಒಂದೊಂದನ್ನೇ ತೆಗೆದು ತನ್ನ ಟವೆಲಿನ ಮೇಲಿಟ್ಟ. ಎಷ್ಟೋ ಮರಿಗಳ ಹೊಟ್ಟೆಗೆ ಇನ್ನೂ ಹಳದಿ ಚೀಲ ಅಂಟಿಕೊಂಡಿತ್ತು. ಅದೇನೆಂದು ಅವನಿಗೆ ತಿಳಿಯಲಿಲ್ಲ, ಆದರೆ ಇರಬಾರದ್ದು ಎಂದು ಕಂಡೊಡನೆ ತಿಳಿಯಿತು. ಹೊಟ್ಟೆ ಕಾಣದ ಹಾಗೆ ಇಟ್ಟ. ಚುರುಕಾಗಿದ್ದ ಹನ್ನೊಂದನ್ನು ಆರಿಸಿದ. ಮರಳಿಗೆ ಹೊಳಪು ಬರಲೆಂದು ನೀರು ಚಿಮುಕಿಸಿದ. ಮರಿಗಳು ನಾಲ್ಕು ಗೇಣು ನಡೆದು ತಲೆ ಊರಿ ನಿಂತುಬಿಟ್ಟವು, ಹೆಜ್ಜೆಗುರುತು ಮೂಡಲೇ ಇಲ್ಲ. ಅವನು ಜೇಬಿನಿಂದ ಬಾಚಣಿಕೆ ತೆಗೆದು, ಅವುಗಳ ಹಿಂದೆ ಗೂಡಿನ ತನಕ ಹೆಜ್ಜೆಗಳನ್ನು ಬರೆದ.

ಒಂದು ರೋಲು ಮುಗಿದು ತಲೆ ಎತ್ತಿದಾಗ ಹಿಂದೆ ಟವೆಲಿನ ಮೇಲೆ ಕಾಗೆಗಳು ಕೂತಿದ್ದವು.

ವೆಂಕಣ್ಣ ಮರಳಿದಾಗ ಗುರುಶಿದ್ದಪ್ಪ ಕಾಗೆ ಓಡಿಸುತ್ತ ದಂಡೆಯಲ್ಲೇ ನಿಂತಿದ್ದ. ವೆಂಕಣ್ಣ ಬಯ್ಯಲಿಲ್ಲ. ಜೀವ ಇದ್ದವನ್ನು ಆರಿಸಿ ಒದ್ದೆ ಗೋಣಿ ಹಾಸಿ ನೆರಳಿನಲ್ಲಿಟ್ಟ. ನೂರಾ ನಾಲ್ಕರಲ್ಲಿ ಅವು ಇಪ್ಪತ್ತೇಳು.

"ಬಾಯಾರಿಗೆ ನೀವೇ ಹೇಳಿ. ನಾನು ಹೇಳೂದಿಲ್ಲ," ಅಂದನಷ್ಟೆ.

ಹೇಳಬೇಕೆಂದೇ ಗುರುಶಿದ್ದಪ್ಪ ಧಾರವಾಡಕ್ಕೆ ಹೋದ. ಆದರೆ ಚಿತ್ರ ಕೈಗೆ ಕೊಟ್ಟೊಡನೆ ತಾರಾಬಾಯಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ಎಂಟು ವರ್ಷ ಅಡ್ಡಾಡಿದೆ. ಒಮ್ಮೆನೂ ನನ್ನ ಕಣ್ಣಿಗೆ ಬೀಳಲಿಲ್ಲ ನೋಡ್ರಿ," ಎಂದರು. ಬಹಳ ಹೊತ್ತು ಚಿತ್ರವನ್ನು ಹತ್ತಿರ ಹಿಡಿದು, ದೂರ ಹಿಡಿದು ನೋಡಿದರು. ಆಮೇಲೆ ಕೇಳಿದರು: "ಎಷ್ಟು ಗಂಟೆಗೆ ಎದ್ದುವು?"

"ಏಳೂ ಹತ್ತಕ್ಕರಿ."

"ಬಿಸಲಾಗ?"

"ಹೌದ್ರಿ."

ಆ ಎರಡು ಮಾತಿಗೆ ಒಂದು ನಿಮಿಷವೂ ಹಿಡಿಯಲಿಲ್ಲ. ಮುಂದಿನ ವರ್ಷ ಪುಸ್ತಕ ಬಂದಾಗ ಚಿತ್ರ ಮುಖಪುಟದ ಮೇಲಿತ್ತು. ಒಳಗೆ ಒಂದು ಸಾಲೂ ಇತ್ತು: ನಮ್ಮ ಕರಾವಳಿಯಲ್ಲಿ ಮರಿಗಳು ಸೂರ್ಯ ಹುಟ್ಟಿದ ಮೇಲೂ ಗೂಡು ಬಿಟ್ಟು ನೀರಿಗೆ ಹೋಗುವುದು ಕಂಡುಬಂದಿದೆ.

ಪುಸ್ತಕಕ್ಕೆ ಒಳ್ಳೇ ಹೆಸರು ಬಂತು. ಸಾಲೆಗಳು ಕೊಂಡವು. ಧಾರವಾಡದ ಸಮಾರಂಭದಲ್ಲಿ ಇಬ್ಬರಿಗೂ ಶಾಲು ಹೊದಿಸಿದರು. ಅದೇ ಪ್ರಕಾಶಕರು ೨೦೦೧ರಲ್ಲಿ ಗುರುಶಿದ್ದಪ್ಪನ ಕಟ್ಟಿದ ಚಿತ್ರಗಳದೇ ಒಂದು ಪುಸ್ತಕ ತಂದರು. ಬೀಸುವ ಕಲ್ಲಿನ ಗೌರಕ್ಕನೂ ಅದರಲ್ಲಿದ್ದಳು. ಮುನ್ನುಡಿ ಬರೆದವರು ತಾರಾಬಾಯಿ. "ಕಟ್ಟಿದ್ದನ್ನು ಕಟ್ಟಿದ್ದೆಂದು ಹೇಳುವ ಪ್ರಾಮಾಣಿಕ ಕಲಾವಿದರು ಇವರು" ಎಂಬ ಮಾತು ಅದರಲ್ಲಿತ್ತು. ಗುರುಶಿದ್ದಪ್ಪ ಆ ಪುಟವನ್ನು ಎರಡನೇ ಸಲ ಓದಲಿಲ್ಲ. ತನ್ನ ಪುಸ್ತಕದ ಪ್ರತಿಯನ್ನು ಬಂದವರಿಗೆ ತೋರಿಸಲೂ ಇಲ್ಲ. ಸ್ಪರ್ಧೆಗಳಿಗೆ ಕಳಿಸುವುದನ್ನು ಬಿಟ್ಟ. ರವಿವಾರ ಸುಮ್ಮನೆ ಕೂಡುತ್ತಿದ್ದ.

"ಏನಾಗೈತಿ ನಿಮಗ?" ಎಂದು ಗೌರಕ್ಕ ಕೇಳಿದರೆ, "ಏನಿಲ್ಲ ಬಿಡ," ಎನ್ನುವನು.

೨೦೦೩ರ ಮಾರ್ಚಿನಲ್ಲಿ ವೆಂಕಣ್ಣ ಯಾರದೋ ಔಷಧೋಪಚಾರಕ್ಕೆ ಹುಬ್ಬಳ್ಳಿಗೆ ಬಂದವನು, ವಿಳಾಸ ಕೇಳಿಕೊಂಡು ಸ್ಟುಡಿಯೋಕ್ಕೆ ಬಂದ. ಚಹಾ ತರಿಸಿದರೂ ಕುಡಿಯಲಿಲ್ಲ.

"ನಮ್ಮೂರ ಶಾಲೆ ಮಾಸ್ತರು, ಹುಡುಗ್ರು ಎಲ್ಲಾ ಸೇರಿ ಈಗ ಗೂಡು ಕಾಯ್ತಾರೆ," ಎಂದ. "ಒಳ್ಳೇ ಕೆಲ್ಸವೇ. ಆದ್ರೆ ರಾತ್ರಿ ಎದ್ದ ಮರಿಗಳನ್ನ ಬುಟ್ಟಿ ಒಳಗೇ ಇಟ್ಟು, ಬೆಳಿಗ್ಗೆ ಏಳು ಗಂಟೆಗೆ ಜನ ಕರ್ದು ಬಿಡ್ತಾರೆ. ಮಕ್ಕಳು ಚಪ್ಪಾಳೆ ಹೊಡಿತಾರೆ. ಕಾಗೆ, ಹದ್ದು ಮೊದ್ಲೇ ಬಂದು ಕೂತಿರ್ತವೆ. ನಾನು ಬೇಡ ಅಂದೆ. 'ನಿಂಗೇನು ಗೊತ್ತು, ಪುಸ್ತಕದಲ್ಲೇ ಬರ್ದಿದೆ' ಅಂದ್ರು. ನಾಲ್ಕು ವರ್ಷ ಆಯ್ತು ಹೀಗೆ."

ಗುರುಶಿದ್ದಪ್ಪ ಆರಿದ ಚಹಾದ ಕಪ್ಪನ್ನು ಬದಿಗೆ ಸರಿಸಿದ.

"ನೀವು ಹೇಳ್ಲೇ ಇಲ್ಲ," ಎಂದು ವೆಂಕಣ್ಣ ಎದ್ದು ಹೋದ.

ಇಷ್ಟು ವರ್ಷ ಗುರುಶಿದ್ದಪ್ಪ ಎಪ್ಪತ್ತೇಳು ಮರಿಗಳ ಲೆಕ್ಕವನ್ನು ಎದೆಯಲ್ಲಿಟ್ಟುಕೊಂಡಿದ್ದ. ಈಗ ಲೆಕ್ಕವೇ ಇಲ್ಲದಷ್ಟಾಯಿತು. ಆ ದಿನ ಸಂಜೆ ಅವನು ಮೊದಲು ಗೌರಕ್ಕನ ಮುಂದೆ ಎಲ್ಲವನ್ನೂ ಹೇಳಿದ. ಅವಳು ರೊಟ್ಟಿ ಬಡಿಯುತ್ತಿದ್ದ ಕೈ ನಿಲ್ಲಿಸಿ ಕೇಳಿದಳು.

"ಇಷ್ಟ ದಿನ ಆಮಿ ಸಲುವಾಗಿ ಹಿಂಗ ಕುಂತಿದ್ರ್ಯಾ? ನಾ ಮತ್ತ ಏನೇನೋ ತಿಳಕೊಂಡಿದ್ದೆ," ಎಂದಳು. ರೊಟ್ಟಿಯನ್ನು ಹಂಚಿಗೆ ಹಾಕಿ, "ಬಾಯಾರ ಇನ್ನೂ ಜೀವಂತ ಅದಾರ. ಅವರಿದ್ದಾಗ ಹೇಳಿ ಬರ್ರಿ," ಎಂದಳು.

ಮರುದಿನ ಅವನು ಧಾರವಾಡಕ್ಕೆ ಹೋದ. ತಾರಾಬಾಯಿಗೆ ಎಪ್ಪತ್ತರ ಹತ್ತಿರ, ಕೋಲು ಹಿಡಿದಿದ್ದರು. ಕೂಡಲಿಕ್ಕೆ ಹೇಳಿದರೂ ಅವನು ನಿಂತೇ ಇದ್ದ.

"ಬಾಯಾರ, ಆ ಮರಿಗೋಳು ತಾವಾಗೇ ಎದ್ದು ಬಂದಿದ್ದಿಲ್ಲರಿ. ನಾನ ತೋಡಿ ತಗದೆ."

ತಾರಾಬಾಯಿ ಅವನ ಮುಖ ನೋಡಲಿಲ್ಲ. ಮೇಜಿನ ಮೇಲಿದ್ದ ನೋಟುಬುಕ್ಕು ಎಳೆದುಕೊಂಡು ಪೆನ್ನು ತೆಗೆದರು.

"ಎಷ್ಟು ಆಳದಾಗ ಇದ್ದುವು?"

"ಮೊಣಕೈ ಮುಳುಗೂ ಅಷ್ಟು."

"ಹೊಟ್ಟಿಗೆ ಹಳದಿ ಚೀಲ ಇತ್ತೇನು?"

"ಇತ್ತರಿ. ಭಾಳಕ್ಕ ಇತ್ತು."

"ಎಷ್ಟು ಸತ್ತುವು?"

ಅವನು ಹೇಳಿದ. ಅವರು ಬರೆದುಕೊಂಡರು. "ಮತ್ತ ಆ ಹೆಜ್ಜಿ?"

"ಬಾಚಣಿಕಿಲೆ ಬರದೆ."

ಪೆನ್ನು ನಿಂತಿತು.

"ಅದು ನನಗ ಗೊತ್ತಿತ್ತು," ಎಂದರು ತಾರಾಬಾಯಿ. "ಮರಿ ಕಂಡಿದ್ದಿಲ್ಲ ನಾ. ಹೆಜ್ಜಿ ಕಂಡಿದ್ದೆ. ಎಂಟು ವರ್ಷ ಅವನ್ನ ಅಳದೇನಿ. ಯಾವ ಮರಿನೂ ಅಷ್ಟು ನೆಟ್ಟಗ, ಅಷ್ಟು ಒಂದೇ ಅಂತರದಾಗ ನಡಿಯೂದಿಲ್ಲ. ನೀವು ಕೊಟ್ಟ ದಿನಾನ ಮನಸಿನ್ಯಾಗ ಚುಚ್ಚಿತು. ಕೇಳಿದ್ರ ಆ ಚಿತ್ರ ಕೈ ಬಿಟ್ಟು ಹೋಗತದ ಅಂತ ಕೇಳಲಿಲ್ಲ. ನಿಮ್ಮ ಪುಸ್ತಕಕ್ಕ ಮುನ್ನುಡಿ ಬರಿಯೂ ಮುಂದ ಪ್ರಾಮಾಣಿಕ ಅನ್ನೂ ಮಾತು ಬೇಕಂತಲೇ ಹಾಕಿದೆ. ಓದಿ ನೀವಾಗೇ ಬರ್ತೀರಿ ಅಂತ. ನೀವು ಬರಲಿಲ್ಲ. ನಾನೂ ಕರಿಲಿಲ್ಲ."

"ಕ್ಷಮಾ ಮಾಡ್ರಿ, ಬಾಯಾರ."

"ನಾ ಹ್ಯಾಂಗ ಮಾಡ್ಲಿ? ನನಗೇನು ಆಗೇದ? ಶಾಲು ಹೊಚ್ಚಿದರು." ಆಗ ಅವನು ವೆಂಕಣ್ಣ ತಂದ ಸುದ್ದಿಯನ್ನೂ ಹೇಳಿದ. ಅದನ್ನು ಅವರು ಬರೆದುಕೊಳ್ಳಲಿಲ್ಲ. ಎದ್ದು ಒಳಗೆ ಹೋಗಿ ಬಹಳ ಹೊತ್ತು ಹೊರಗೆ ಬರಲಿಲ್ಲ.

ಬಂದ ಮೇಲೆ ಇಬ್ಬರೂ ಕೂತು ಒಂದು ತಿದ್ದುಪಡಿ ಚೀಟಿ ಬರೆದರು. ಮುಖಪುಟದ ಚಿತ್ರ ಕೃತಕವಾಗಿ ಏರ್ಪಡಿಸಿದ್ದು. ಬಲಿಯದ ಮರಿಗಳನ್ನು ತೋಡಿ ತೆಗೆದದ್ದರಿಂದ ಎಪ್ಪತ್ತೇಳು ಸತ್ತವು. ಹಗಲಿನಲ್ಲಿ ಮರಿ ಬಿಡುವುದಕ್ಕೆ ಈ ಪುಸ್ತಕವನ್ನು ಆಧಾರ ಮಾಡಿಕೊಳ್ಳಬಾರದು. ಕೆಳಗೆ ಎರಡು ಸಹಿ. ತನ್ನದೊಬ್ಬನದೇ ಸಾಕೆಂದು ಗುರುಶಿದ್ದಪ್ಪ ಅಂಗಲಾಚಿದ. ತಾರಾಬಾಯಿ ಕೇಳಲಿಲ್ಲ.

ಪ್ರಕಾಶಕರಿಗೆ ಇದು ಹಿಡಿಸಲಿಲ್ಲ. "ಯಾರೂ ಕೇಳಲಾರದ್ದನ್ನ ಯಾಕ ಕೆದಕತೀರಿ?" ಎಂದರು. ಗುರುಶಿದ್ದಪ್ಪ ತಾನೇ ಚೀಟಿ ಅಚ್ಚು ಹಾಕಿಸಿ, ಅಂಟಿನ ಬಾಟಲಿ ಹಿಡಿದು ಹೊರಟ. ಎರಡು ವರ್ಷ, ಮದುವೆಯ ಕೆಲಸವಿಲ್ಲದ ದಿನಗಳಲ್ಲೆಲ್ಲ, ಧಾರವಾಡ, ಗದಗ, ಕುಮಟೆ, ಕಾರವಾರ ಎಂದು ಸಾಲೆ ಸಾಲೆ, ಗ್ರಂಥಾಲಯ ಗ್ರಂಥಾಲಯ ತಿರುಗಿದ. ಕೆಲವರು ಚಹಾ ಕೊಟ್ಟರು. ಕೆಲವರು ಅರ್ಜಿ ಬರೆದುಕೊಡು ಎಂದರು. ಒಬ್ಬ ಗ್ರಂಥಪಾಲಕ ಚೀಟಿ ಓದಿ, ಅವನನ್ನು ಮೇಲಿಂದ ಕೆಳಗೆ ನೋಡಿ, "ಇದು ನೀವೇ ಏನ್ರಿ?" ಎಂದು ಕೇಳಿದ. "ಹೌದ್ರಿ, ನಾನ," ಎನ್ನುವುದನ್ನು ಗುರುಶಿದ್ದಪ್ಪ ಅಷ್ಟೊತ್ತಿಗೆ ಕಲಿತಿದ್ದ. ಸಾವಿರ ಪ್ರತಿಗಳಲ್ಲಿ ಅವನಿಗೆ ಸಿಕ್ಕವು ಆರುನೂರ ಚಿಲ್ಲರೆ.

ಸಮುದ್ರದಂಡೆಯ ಆ ಊರಿನ ಸಾಲೆಗೆ ಎಲ್ಲಕ್ಕಿಂತ ಮೊದಲು ಹೋಗಿದ್ದ. ಮಾಸ್ತರು ಚೀಟಿಯನ್ನು ಎರಡು ಸಲ ಓದಿದರು. ಅವರ ಮುಖ ಕೆಂಪಾಯಿತು.

"ನಾಲ್ಕು ವರ್ಷ ನನ್ ಕೈಯಾರೆ ಮಾಡಿದ್ದೇನಲ್ಲ," ಎಂದರು. "ಮಕ್ಕಳಿಗೆ ನೀವೇ ಓದಿ ಹೇಳಿ. ನನ್ ಕೈಲಿ ಆಗೂದಿಲ್ಲ."

ಅವನು ಓದಿದ. ಐದನೇ ಇಯತ್ತೆಯ ಮಕ್ಕಳು ಮಿಸುಕದೆ ಕೇಳಿದರು. ಮುಂದಿನ ಸಾಲಿನಲ್ಲಿ ಕೂತ ಹುಡುಗಿಯೊಬ್ಬಳು ಎದ್ದು, "ಅವು ಕೂಗಿದ್ವಾ?" ಎಂದು ಕೇಳಿದಳು.

"ಇಲ್ಲವ್ವಾ," ಎಂದ ಅವನು. "ಅವಕ್ಕ ದನಿ ಇರಲಿಲ್ಲ."

ತಾರಾಬಾಯಿ ೨೦೦೬ರಲ್ಲಿ ಧಾರವಾಡದ ಹತ್ತಿರದ ಸತ್ತೂರಿನ ಆಸ್ಪತ್ರೆಯಲ್ಲಿ ತೀರಿಕೊಂಡರು. ಅವರ ನೋಟುಬುಕ್ಕುಗಳನ್ನೆಲ್ಲ ಕಾಲೇಜಿಗೆ ಕೊಡುವಾಗ ಗುರುಶಿದ್ದಪ್ಪನೂ ಇದ್ದ. ಅವನು ಹೇಳಿದ್ದನ್ನು ಬರೆದುಕೊಂಡ ಪುಟವನ್ನು ಯಾರೂ ಹರಿಯಬಾರದೆಂದು ಕೇಳಿಕೊಂಡ.

ಮರುವರ್ಷ ವೆಂಕಣ್ಣ ಯಾರಿಂದಲೋ ಬರೆಸಿದ ಒಂದು ಕಾರ್ಡು ಬಂತು. ಈ ವರ್ಷ ಮೂರು ಗೂಡು ಆಗಿದ್ದವು, ಬುಟ್ಟಿಗಳನ್ನು ಕತ್ತಲಾಗುವ ಮೊದಲೇ ತೆಗೆದಿಟ್ಟೆವು, ಬೆಳಿಗ್ಗೆ ನೋಡಿದರೆ ಎಲ್ಲ ಹೋಗಿದ್ದವು ಎಂದಿತ್ತು. ನೀವು ನೋಡಲು ಬರಬೇಡಿ ಎಂದೂ ಇತ್ತು.

ಗೌರಕ್ಕ ಆ ಕೊನೆಯ ಸಾಲು ಓದಿ ಸಿಟ್ಟಾದಳು. "ಇಷ್ಟ ಮಾಡಿದ ಮ್ಯಾಲೂ ಹಿಂಗ ಬರೀತಾನ?"

"ಅಂವ ಬರದದ್ದು ಸರಿ ಐತಿ," ಎಂದ ಗುರುಶಿದ್ದಪ್ಪ. ಅಷ್ಟರಲ್ಲಿ ಪಾಸ್‌ಪೋರ್ಟ್ ಫೋಟೋಕ್ಕೆಂದು ಯಾರೋ ಬಂದು ಸ್ಟುಡಿಯೋದ ಬಾಗಿಲಲ್ಲಿ ನಿಂತರು. ಅವನು ಎದ್ದು ದೀಪ ಹಾಕಿದ.